ಬ್ಯಾಕಪ್ ಡಿಸ್ಕನ್ನು ಕಿತ್ತಿಡಿ, ತಿಂಗಳಿಗೊಮ್ಮೆ ತೆರೆದು ನೋಡಿ

ಸಣ್ಣ ಕಚೇರಿಗೆ ಬ್ಯಾಕಪ್ ಹೊಂದಿಸುವಾಗ ನಾನು ಮೊದಲು ಹುಡುಕುವುದು ಸದಾ ಸಿಕ್ಕಿಸಿಯೇ ಇಟ್ಟ ಹಾರ್ಡ್ ಡಿಸ್ಕನ್ನು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ, ಅಂದರೆ ರಾನ್ಸಮ್‌ವೇರ್, ಒಳಹೊಕ್ಕರೆ ಆ ಕಂಪ್ಯೂಟರಿನಿಂದ ಬರೆಯಲು ಸಾಧ್ಯವಿರುವ ಯಾವುದನ್ನೂ ಬಿಡುವುದಿಲ್ಲ. ಡಿ ಡ್ರೈವ್, ಯುಎಸ್‌ಬಿ ಡಿಸ್ಕ್, ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್, ಎಲ್ಲಕ್ಕೂ ಬೀಗ. ವಿಂಡೋಸ್ ತಾನೇ ಇಟ್ಟುಕೊಂಡ ಹಳೆಯ ಪ್ರತಿಗಳನ್ನೂ ಹಲವು ರಾನ್ಸಮ್‌ವೇರ್‌ಗಳು ಅಳಿಸಿಹಾಕುತ್ತವೆ. ಫೈಲುಗಳನ್ನು ತಾನಾಗಿಯೇ ಇಂಟರ್ನೆಟ್ಟಿಗೆ ನಕಲು ಮಾಡುವ ಕ್ಲೌಡ್ ಸಿಂಕ್ ಒಂದನ್ನೇ ನಂಬಬೇಡಿ, ಕೆಟ್ಟ ಫೈಲೂ ಹಾಗೇ ಮೇಲಕ್ಕೆ ಹೋಗುತ್ತದೆ.

ಅದಕ್ಕೇ 2 ಟಿಬಿಯ ಎರಡು ಡಿಸ್ಕ್ ಇಡುತ್ತೇನೆ, ಮೇಲೆ ‘ಅ’, ‘ಆ’ ಎಂದು ಚೀಟಿ. ಈ ಶುಕ್ರವಾರ ‘ಅ’, ಮುಂದಿನ ಶುಕ್ರವಾರ ‘ಆ’. ನಕಲು ಮುಗಿದ ಕೂಡಲೇ ಕಿತ್ತು ಕಚೇರಿಯ ಹೊರಗಿಡಬೇಕು. ಯುಎಸ್‌ಬಿ 3 ಪೋರ್ಟಿಗೇ ಹಾಕಿ. ಸೆಕೆಂಡಿಗೆ 100 ಎಂಬಿ ಸಿಕ್ಕರೆ 500 ಜಿಬಿಗೆ ಸುಮಾರು ಒಂದೂವರೆ ಗಂಟೆ ಸಾಕು. ಯುಎಸ್‌ಬಿ 2ರಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ, ಜನ ಅರ್ಧಕ್ಕೇ ಕಿತ್ತು ಮನೆಗೆ ಹೊರಡುತ್ತಾರೆ. ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಲಿ, ಫ್ಯಾಟ್32 ಫಾರ್ಮ್ಯಾಟಿನಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಸದು. ವಿಂಡೋಸಿನಲ್ಲೇ ಇರುವ ನಕಲು ಆಜ್ಞೆ ರೋಬೊಕಾಪಿ ಬಳಸುವವರು ‘ಮಿರರ್’ ಆಯ್ಕೆಯ ಬಗ್ಗೆ ಎಚ್ಚರ, ಮೂಲದಲ್ಲಿ ಅಳಿಸಿದ್ದು ನಕಲಿನಲ್ಲೂ ಅಳಿಯುತ್ತದೆ. ನಾನು ಪ್ರತಿ ಸಲ ದಿನಾಂಕದ ಹೆಸರಿನ ಹೊಸ ಫೋಲ್ಡರ್ ಮಾಡುತ್ತೇನೆ. ಲೆಕ್ಕಪತ್ರದ ಸಾಫ್ಟ್‌ವೇರನ್ನು ಎಲ್ಲರೂ ಮುಚ್ಚಿದ ಮೇಲೆಯೇ ನಕಲು ಶುರು, ತೆರೆದಿರುವಾಗ ತೆಗೆದ ಡೇಟಾ ಅರೆಬರೆಯಾಗಿರುತ್ತದೆ.

ಡಿಸ್ಕಿಗೆ ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿದರೆ, ಪಾಸ್‌ವರ್ಡ್ ಮರೆತಾಗ ತೆರೆಯಲು 48 ಅಂಕಿಗಳ ರಿಕವರಿ ಕೀ ಸಿಗುತ್ತದೆ. ಬಹಳ ಕಡೆ ಅದು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲೇ ಇರುತ್ತದೆ! ಕಾಗದದಲ್ಲಿ ಮುದ್ರಿಸಿ ಎರಡು ಜಾಗದಲ್ಲಿಡಿ.

ಇಷ್ಟಾದರೂ ಪರೀಕ್ಷೆ ಮಾಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎನ್ನುವುದಿಲ್ಲ. ತಿಂಗಳಿಗೊಮ್ಮೆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಮೂರು ಫೈಲ್ ತೆರೆಯುತ್ತೇನೆ: ಹಳೆಯದೊಂದು ಪಿಡಿಎಫ್, ಈ ವಾರದ ಎಕ್ಸೆಲ್, ಲೆಕ್ಕಪತ್ರದ ಪೂರ್ತಿ ಡೇಟಾ. ಲೆಕ್ಕದಲ್ಲಿ ಕೊನೆಯ ನಮೂದಿನ ದಿನಾಂಕ ಬ್ಯಾಕಪ್ಪಿನ ದಿನಾಂಕಕ್ಕೆ ತಾಳೆಯಾಗಬೇಕು. ಫೈಲ್ ಪಟ್ಟಿಯಲ್ಲಿ ಕಾಣುವುದೇ ಬೇರೆ, ತೆರೆದುಕೊಳ್ಳುವುದೇ ಬೇರೆ.

ದಾಳಿಯಾದ ದಿನ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ನೆಟ್‌ವರ್ಕಿನ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಹರಡಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕನ್ನು ಸೋಂಕಿನ ಯಂತ್ರಕ್ಕೆ ಮಾತ್ರ ಸಿಕ್ಕಿಸಬೇಡಿ. ಡ್ರೈವ್ ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಅಪ್‌ಡೇಟ್ ಮುಗಿಸಿ, ಆಮೇಲೆ ಒಂದು ಡಿಸ್ಕ್ ಮಾತ್ರ ಸಿಕ್ಕಿಸಿ. ಇನ್ನೊಂದು ಹೊರಗೇ ಇರಲಿ.