ಕೀಬೋರ್ಡನ್ನು ಬೆರಳಿಗೆ ಬಿಟ್ಟೆ: ನನ್ನ ಟೈಪಿಂಗ್ ಅನುಭವ

ಪೂರ್ತಿ ಕಣ್ಣು ಕಾಣದವರಿಗಿಂತ ಅರೆಬರೆ ಕಾಣುವವರಿಗೇ ಟೈಪಿಂಗ್ ಕಲಿಯೋದು ಜಾಸ್ತಿ ಕಷ್ಟ. ಇದು ನನ್ನ ಅನುಭವ. ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಇದರಲ್ಲಿ ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ, ನಡುವೆ ಒಂದಿಷ್ಟು ಉಳಿದಿರುತ್ತದೆ. ಆ ಉಳಿದದ್ದರಲ್ಲಿ ಕೀಬೋರ್ಡಿಗೆ ಮೂಗು ತಾಗುವಷ್ಟು ಬಗ್ಗಿ ಒಂದೊಂದೇ ಕೀ ಹುಡುಕಬಹುದು. ಹುಡುಕಬಹುದು ಅನ್ನೋದೇ ತೊಂದರೆ, ಏಕೆಂದರೆ ಹಾಗೆ ಹುಡುಕುತ್ತಾ ಕೂತರೆ ಬೆರಳು ಏನನ್ನೂ ಕಲಿಯುವುದಿಲ್ಲ, ಸಂಜೆ ಹೊತ್ತಿಗೆ ಕುತ್ತಿಗೆ ನೋವು, ಕಣ್ಣುರಿ, ಬರೆದಿದ್ದು ನಾಲ್ಕು ಸಾಲು.

ನನಗೆ ಕಲಿಸಿದ ಮೇಷ್ಟ್ರಿಗೆ ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಅವರು ಮೊದಲ ಪಾಠದಲ್ಲೇ ನನ್ನ ಎರಡೂ ಕೈ ಮೇಲೆ ಒಂದು ಟವಲ್ ಹೊದಿಸಿಬಿಟ್ಟರು. "ಸಾರ್, ಏನೂ ಕಾಣ್ತಿಲ್ಲ" ಅಂದೆ. "ಕಣ್ಣಿಗೆ ರಜಾ ಕೊಡಮ್ಮ, ಅದಕ್ಕೆ ಬೇರೆ ಕೆಲಸ ಇದೆ" ಅಂದರು. ಸ್ವಲ್ಪ ದೃಷ್ಟಿ ಇರುವ ಯಾರೇ ಕೇಳಿದರೂ ನಾನು ಇವತ್ತಿಗೂ ಹೇಳುವುದು ಇದನ್ನೇ. ದೊಡ್ಡಕ್ಷರದ ಸ್ಟಿಕ್ಕರ್ ತಂದು ಕೀಗಳ ಮೇಲೆ ಅಂಟಿಸಬೇಡಿ. ಟವಲ್ ಹಾಕಿ.

ಎಫ್ ಮತ್ತು ಜೆ ಕೀ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಎರಡು ತೋರುಬೆರಳು ಅಲ್ಲಿ ಕೂರಬೇಕು. ಎಡಗೈಯ ಉಳಿದ ಬೆರಳುಗಳು ಡಿ, ಎಸ್, ಎ ಮೇಲೆ, ಬಲಗೈಯವು ಕೆ, ಎಲ್, ಸೆಮಿಕೋಲನ್ ಮೇಲೆ, ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಇದು ಎಲ್ಲಾ ಟೈಪಿಂಗ್ ಕ್ಲಾಸಿನಲ್ಲೂ ಹೇಳುವುದೇ. ನಮಗೆ ಬೇಕಾದ ಇನ್ನೊಂದು ಅಭ್ಯಾಸ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಮಾಡಿಸುವುದಿಲ್ಲ. ಕೈಗಳನ್ನು ಪೂರ್ತಿ ಎತ್ತಿ ತೊಡೆ ಮೇಲಿಟ್ಟು, ಮತ್ತೆ ತಂದು ಆ ಎರಡು ಉಬ್ಬಿನ ಮೇಲೆ ಕೂರಿಸುವುದು. ನಾವು ಆರೋ ಕೀಗೆ ಹೋಗಬೇಕು, ಫೋನ್ ಎತ್ತಬೇಕು, ನೀರು ಕುಡಿಯಬೇಕು. ಪ್ರತಿ ಸಲ ವಾಪಸ್ ಬರುವಾಗ ಕೈ ಒಂದು ಕೀ ಆಚೆ ಕೂತರೆ ಇಡೀ ಸಾಲೇ ಕೆಟ್ಟುಹೋಗುತ್ತದೆ. ಒಂದಕ್ಷರ ಕಲಿಯುವ ಮೊದಲು ಈ ಏರಿಳಿತವನ್ನೇ ಬೇಸರ ಬರುವಷ್ಟು ಮಾಡಿ.

ಲ್ಯಾಪ್‌ಟಾಪ್ ಇದ್ದರೂ ಕಲಿಯುವಾಗ ಪೂರ್ಣ ಅಳತೆಯ ಯುಎಸ್‌ಬಿ ಕೀಬೋರ್ಡ್ ಒಂದನ್ನು ತಂದುಕೊಳ್ಳಿ. ಅದರಲ್ಲಿ ಎಸ್ಕೇಪ್ ಆದಮೇಲೆ ಜಾಗ ಬಿಟ್ಟಿರುತ್ತಾರೆ, ಎಫ್1ರಿಂದ ಎಫ್12ರವರೆಗಿನ ಕೀಗಳು ನಾಲ್ಕು ನಾಲ್ಕರ ಗುಂಪಿನಲ್ಲಿರುತ್ತವೆ, ಆರೋ ಕೀಗಳು ಬೇರೆಯಾಗಿರುತ್ತವೆ, ನಂಬರ್ ಪ್ಯಾಡಿನ 5ರ ಮೇಲೂ ಉಬ್ಬಿರುತ್ತದೆ. ಆ ಖಾಲಿ ಜಾಗಗಳೇ ಬೆರಳಿಗೆ ಗುರುತು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹಾಗಾಗಿ ನನ್ನದರಲ್ಲಿ ಎಫ್4 ಮತ್ತು ಎಫ್8ರ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೇನೆ. ಚೆನ್ನಾಗಿ ಕೆಲಸ ಮಾಡುತ್ತದೆ.

ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳಲು ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರನ್ ಮತ್ತು ಜೇಮ್ಸ್ ಟೆ, ಇಬ್ಬರೂ ಕಣ್ಣು ಕಾಣದವರೇ, ಸೇರಿ ಬೆಳೆಸಿದ ತಂತ್ರಾಂಶ ಇದು. ಕರನ್ 2006ರಲ್ಲಿ ಶುರು ಮಾಡಿದ್ದು, ಉಚಿತವಾಗಿ ಸಿಗುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ಇನ್ಸರ್ಟ್ ಹಿಡಿದು 1 ಒತ್ತುವುದನ್ನು. ಆಮೇಲೆ ಯಾವ ಕೀ ಒತ್ತಿದರೂ ಅದು ಹೆಸರು ಹೇಳುತ್ತದೆ ಅಷ್ಟೇ, ಕೆಲಸ ಮಾಡುವುದಿಲ್ಲ. ಏನಾದರೂ ಡಿಲೀಟ್ ಆದೀತೆಂಬ ಭಯವಿಲ್ಲದೆ ಇಡೀ ಕೀಬೋರ್ಡ್ ಮೇಲೆ ಓಡಾಡಬಹುದು. ಮತ್ತೆ ಇನ್ಸರ್ಟ್ 1 ಒತ್ತಿದರೆ ಮಾಮೂಲಿಗೆ ಬರುತ್ತದೆ.

ಈಗ ಕಿವಿಯ ವಿಷಯ. ಕಣ್ಣು ಬಿಟ್ಟವರು ಕಿವಿಗೆ ಜೋತುಬೀಳುತ್ತಾರೆ. ಒತ್ತಿದ ಪ್ರತಿ ಅಕ್ಷರವನ್ನೂ ಎನ್‌ವಿಡಿಎ ಹೇಳುತ್ತಿದ್ದರೆ, ಅದು ಹೇಳಿ ಮುಗಿಸುವವರೆಗೆ ಕೈ ಕಾಯುತ್ತದೆ. ವೇಗ ಬರುವುದೇ ಇಲ್ಲ. ಅಕ್ಷರಗಳ ಜಾಗ ಗೊತ್ತಾದ ಕೂಡಲೇ ಇನ್ಸರ್ಟ್ 2 ಒತ್ತಿ ಅಕ್ಷರ ಹೇಳುವುದನ್ನು ನಿಲ್ಲಿಸಿ, ಇನ್ಸರ್ಟ್ 3 ಒತ್ತಿ ಪದ ಹೇಳುವುದನ್ನು ಶುರು ಮಾಡಿ. ಮೊದಲು ಭಯವಾಗುತ್ತದೆ, ತಪ್ಪೂ ಆಗುತ್ತದೆ, ಆಗಲಿ. ಪದ ಮುಗಿದಮೇಲೆ ಕೇಳಿಸಿಕೊಂಡು ತಿದ್ದಿದರೆ ಸಾಕು. ಹಾಗೆ ಬರೆಯುತ್ತಾ ಬರೆಯುತ್ತಾ, ಬೆರಳು ತಪ್ಪಿದ್ದು ಕಿವಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ. ನನಗೆ ಟೈಪಿಂಗ್ ಬಂತು ಅನ್ನಿಸಿದ್ದು ಆಗಲೇ.

ಕನ್ನಡಕ್ಕೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹಿಡಿದೆ, ನುಡಿ ತಂತ್ರಾಂಶದಲ್ಲಿರುವುದು ಇದೇ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕೂಡ ಒಳ್ಳೆಯದು, ಸ್ವರ ಎಡಗೈಗೆ, ವ್ಯಂಜನ ಹೆಚ್ಚಾಗಿ ಬಲಗೈಗೆ ಬರುತ್ತದೆ, ವಿಂಡೋಸಿನಲ್ಲೇ ಇದೆ. ಯಾವುದಾದರೂ ಒಂದನ್ನು ಹಿಡಿದು ಬಿಡದೆ ಕಲಿಯಿರಿ. ಮೊದಲು ಇಂಗ್ಲಿಷ್ ಕಲಿತವರಿಗೆ ರಾವ್ ಅವರದು ಸಲೀಸು, ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ನನಗೆ ತುಂಬಾ ಇಷ್ಟವಾದದ್ದು ಅದರಲ್ಲಿ ಅರ್ಧಾಕ್ಷರ ಮಾಡುವ ಕೀ ಎಫ್ ಆಗಿರುವುದು. ಕನ್ನಡ ಬರೆಯುವಾಗ ಒತ್ತಕ್ಷರ ಎಷ್ಟು ಬರುತ್ತೆ ಅಂತ ಯೋಚಿಸಿ, ಅಲ್ವಾ? ಪ್ರತಿ ಒತ್ತಿಗೂ ಬೇಕಾದ ಕೀ ಎಡ ತೋರುಬೆರಳಿನ ಕೆಳಗೆ, ಉಬ್ಬಿನ ಮೇಲೇ ಇದೆ. ಅಮ್ಮ ಅಂದರೆ ಎ, ಎಂ, ಎಫ್, ಎಂ. ಕನ್ನಡ ಅಂದರೆ ಕೆ, ಎನ್, ಎಫ್, ಎನ್, ಕೊನೆಗೆ ಡ-ಗೆ ಡಬ್ಲ್ಯೂ. ಬಲಗೈ, ಬಲಗೈ, ಎಡಗೈ, ಬಲಗೈ, ಎಡಗೈ. ಈ ಲಯ ಕೈಗೆ ಹತ್ತಿದರೆ ಪದ ತಾನಾಗೇ ಬರುತ್ತದೆ.

ಶಿಫ್ಟ್ ಬಗ್ಗೆ ಹುಷಾರಾಗಿರಬೇಕು. ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಅಕ್ಷರ ಅಪರೂಪ, ಇಲ್ಲಿ ಆ, ಈ, ಣ, ಳ, ಶ, ಸೊನ್ನೆ ಎಲ್ಲಕ್ಕೂ ಶಿಫ್ಟ್ ಬೇಕು. ಅಕ್ಷರ ಬಲಗೈಯಲ್ಲಿದ್ದರೆ ಶಿಫ್ಟ್ ಎಡ ಕಿರುಬೆರಳಿನಲ್ಲಿ, ಎಡಗೈಯಲ್ಲಿದ್ದರೆ ಬಲ ಕಿರುಬೆರಳಿನಲ್ಲಿ. ಅಭ್ಯಾಸಕ್ಕೆ ಅಪ್ಪ, ಅಮ್ಮ, ಅಕ್ಕ ಸುಲಭ, ಅಣ್ಣ ಕಷ್ಟ. ಶಿಫ್ಟ್ ಹಿಡಿದು ಎನ್, ಬಿಟ್ಟು ಎಫ್, ಮತ್ತೆ ಹಿಡಿದು ಎನ್. ಅಣ್ಣ ಸರಾಗವಾಗಿ ಬಂದರೆ ಮಿಕ್ಕಿದ್ದೆಲ್ಲ ಬರುತ್ತದೆ. ಇನ್ನೊಂದು ಮಾತು, ಶಿಫ್ಟನ್ನು ಐದು ಸಲ ಸತತವಾಗಿ ಒತ್ತಿದರೆ ವಿಂಡೋಸ್ ಸ್ಟಿಕಿ ಕೀಸ್ (ಕೀಗಳನ್ನು ಒಟ್ಟಿಗೆ ಹಿಡಿಯದೆ ಒಂದೊಂದಾಗಿ ಒತ್ತುವ ಸೌಲಭ್ಯ) ಬೇಕಾ ಅಂತ ಕೇಳುತ್ತದೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಮೊದಲೇ ಆಫ್ ಮಾಡಿಡಿ.

ಹಲ್ಲಿ ಮತ್ತು ಹಳ್ಳಿ, ಇವೆರಡೂ ಎನ್‌ವಿಡಿಎ ಜೊತೆ ಬರುವ, ವೇಗವಾಗಿ ಓದುವ ಇಸ್ಪೀಕ್ ದನಿಯಲ್ಲಿ ಕಿವಿಗೆ ಹೆಚ್ಚುಕಮ್ಮಿ ಒಂದೇ. ಅನುಮಾನ ಬಂದಾಗ ಆ ಅಕ್ಷರದ ಮೇಲೆ ಹೋಗಿ, ನಮ್‌ಲಾಕ್ ಆಫ್ ಇಟ್ಟು, ನಂಬರ್ ಪ್ಯಾಡಿನ 2ನ್ನು ಬೇಗಬೇಗ ಮೂರು ಸಲ ಒತ್ತುತ್ತೇನೆ. ಅಕ್ಷರದ ಯುನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ನಿಗದಿತ ಸಂಖ್ಯೆ, ಹೇಳುತ್ತದೆ. 3250 ಅಂದರೆ ಲ, 3251 ಅಂದರೆ ಳ. ಹೀಗೆ ಮಾಡಲು ಆಗುವುದು ಯುನಿಕೋಡಿನಲ್ಲಿ ಬರೆದಿದ್ದರೆ ಮಾತ್ರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತ ಕಣ್ಣಿಗೆ ಚೆಂದದ ಕನ್ನಡ, ಎನ್‌ವಿಡಿಎಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಈಗಲೂ ಅಂಥ ಕಡತ ಕಳಿಸುವವರಿದ್ದಾರೆ. ದಯವಿಟ್ಟು ಯುನಿಕೋಡಿಗೆ ಬದಲಾಯಿಸಿ ಕಳಿಸಿ, ನಾವು ಓದಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಹೇಳುತ್ತೇನೆ. ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನು ಸ್ಕ್ರೈಬ್ ಬರೆದರೆ ಅಲ್ಲಿರುವುದು ಅವರ ಕಾಗುಣಿತ, ಅವರ ವೇಗ, ಅವರ ತಾಳ್ಮೆ. ಅಂಗವಿಕಲರ ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರ 2018ರಲ್ಲಿ ತಂದ ಮಾರ್ಗಸೂಚಿಯಲ್ಲಿ ಬ್ರೈಲ್, ಕಂಪ್ಯೂಟರ್, ದೊಡ್ಡಕ್ಷರ ಇವುಗಳಲ್ಲಿ ಆರಿಸಿಕೊಳ್ಳುವ ಅವಕಾಶವನ್ನು ಸಾಧ್ಯವಾದಷ್ಟು ಕೊಡಬೇಕು ಅಂತಿತ್ತು. ಅಂಥ ಅವಕಾಶ ಉಪಯೋಗಕ್ಕೆ ಬರಬೇಕಾದರೆ ಮೊದಲು ಟೈಪಿಂಗ್ ಬರಬೇಕು. ಅಲ್ಲದೆ ಈ ಯಂತ್ರಕ್ಕೂ ನಮಗೂ ಹಳೇ ನಂಟಿದೆ. ಇಟಲಿಯ ಪೆಲೆಗ್ರಿನೋ ಟುರ್ರಿ ದೃಷ್ಟಿ ಕಳೆದುಕೊಂಡ ತನ್ನ ಗೆಳತಿ ಕರೋಲಿನಾ ಫ್ಯಾಂಟೋನಿ ಸ್ವತಃ ಪತ್ರ ಬರೆಯಲಿ ಅಂತ ಒಂದು ಟೈಪ್ ಯಂತ್ರ ಮಾಡಿಕೊಟ್ಟಿದ್ದ. ಆಕೆ 1808ರಲ್ಲಿ ಅದರಲ್ಲಿ ಬರೆದ ಪತ್ರ ಈಗಲೂ ಉಳಿದಿದೆ.

ಬೆಂಗಳೂರಿನ ಹತ್ತಿರ ಇರುವವರು ಮಿತ್ರಜ್ಯೋತಿ, ಎನೇಬಲ್ ಇಂಡಿಯಾ, ಸಮರ್ಥನಂ ಇಂಥ ಸಂಸ್ಥೆಗಳಲ್ಲಿ ಕಂಪ್ಯೂಟರ್ ತರಬೇತಿ ಬಗ್ಗೆ ವಿಚಾರಿಸಿ. ಊರಲ್ಲಿದ್ದು ಕಂಪ್ಯೂಟರೇ ಇಲ್ಲದವರು ಸುಮ್ನೆ ಕಾಯಬೇಡಿ. ಬ್ಲೂಟೂತ್ ಕೀಬೋರ್ಡ್ ಒಂದನ್ನು ಆಂಡ್ರಾಯ್ಡ್ ಫೋನಿಗೆ ಜೋಡಿಸಿ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ವಾಟ್ಸ್ಯಾಪಿನಲ್ಲಿ ಮನೆಯವರಿಗೆ ಬರೆಯುತ್ತಾ ಕಲಿಯಬಹುದು. ಕೊಳ್ಳುವ ಮೊದಲು ಅಂಗಡಿಯಲ್ಲೇ ಎಫ್ ಮತ್ತು ಜೆ ಮೇಲಿನ ಉಬ್ಬನ್ನು ಸವರಿ ನೋಡಿ. ಕೆಲವದರಲ್ಲಿ ಅದು ತೀರಾ ಸಣ್ಣದಾಗಿರುತ್ತದೆ, ಅಂಥದ್ದು ಬೇಡ.