ಹೇಜಿ ಐಪಿಎ: ಕಣ್ಣಿಗಿಂತ ಮೂಗನ್ನು ನಂಬಿ

ಇಂದಿರಾನಗರದ ನೂರಡಿ ರಸ್ತೆಯಲ್ಲಿ 2010ರಲ್ಲಿ ಟಾಯ್ಟ್ ಎಂಬ ಬ್ರೂಪಬ್, ಅಂದರೆ ತನ್ನ ಬಿಯರನ್ನು ತಾನೇ ತಯಾರಿಸಿ ಬಡಿಸುವ ಪಬ್, ಬಾಗಿಲು ತೆರೆಯಿತು. ಅದರ ಹಿಂದೆಯೇ ಇನ್ನಷ್ಟು ಬ್ರೂಪಬ್‌ಗಳು ಬಂದವು. ಬಿಯರ್ ಎಂದರೆ ಬಾಟಲಿಯ ಲಾಗರ್ ಒಂದೇ ಎನ್ನುವ ಕಾಲ ಬೆಂಗಳೂರಿನಲ್ಲಿ ಅಲ್ಲಿಗೆ ಮುಗಿಯಿತು. ಈಗ ಹೇಜಿ ಐಪಿಎ (ಹಾಪ್ಸ್ ಎಂಬ ಹೂವಿನ ಘಮ ಮುಂದಿರುವ, ಮಬ್ಬು ಮಬ್ಬಾದ ‘ಇಂಡಿಯಾ ಪೇಲ್ ಏಲ್’ ಬಿಯರ್) ಎಂಬ ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಲೋಟದೊಳಗೆ ಮಬ್ಬು ಕಂಡ ಕೂಡಲೇ ‘ಚೆನ್ನಾಗಿದೆ’ ಎಂದು ತೀರ್ಪು ಕೊಟ್ಟುಬಿಡುವವರು ಬಹಳ. ಚಿಟಿಕೆ ಗೋಧಿ ಹಿಟ್ಟು ಕದಡಿದರೂ ಮಬ್ಬು ಬರುತ್ತದೆ! ಈ ಬಿಯರಿನ ಯೋಗ್ಯತೆ ತಿಳಿಯಬೇಕಾದರೆ ಮೂಗಿಗೆ ಕೆಲಸ ಕೊಡಬೇಕು.

ಅದಕ್ಕೆ ಇದರ ಹುಟ್ಟು ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಈ ಶೈಲಿ ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್‌ನಿಂದ ಬಂದದ್ದು. ಅಲ್ಲಿನ ಆಲ್ಕೆಮಿಸ್ಟ್ ಎಂಬ ಬ್ರೂವರಿಯ ಹೆಡಿ ಟಾಪರ್ ಎಂಬ ಬಿಯರ್ ಇದರ ಹಿರಿಯಣ್ಣ. ಹಾಪ್ಸ್ ಹೂವನ್ನು ಹೆಚ್ಚು ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ, ಘಮ ಹಬೆಯೊಂದಿಗೆ ಹಾರಿಹೋಗುತ್ತದೆ. ಹಾಗಾಗಿ ಹೇಜಿ ಮಾಡುವವರು ಹಾಪ್ಸ್‌ನ ದೊಡ್ಡ ಪಾಲನ್ನು ಒಲೆ ಆರಿಸಿದ ನಂತರ ಮತ್ತು ಹುದುಗುವಾಗ ಹಾಕುತ್ತಾರೆ. ಓಟ್ಸ್, ಗೋಧಿಯ ಪ್ರೋಟೀನು ಹಾಪ್ಸ್‌ನ ಪಾಲಿಫಿನಾಲ್ ಎಂಬ ಒಗರಿನ ಅಂಶಗಳೊಂದಿಗೆ ಅಂಟಿಕೊಂಡು ಮಬ್ಬಾಗಿ ನಿಲ್ಲುತ್ತದೆ. ಹಣ್ಣಿನ ರಸ ಹಾಕಿದ್ದಾರೆ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಒಂದು ಹನಿಯೂ ಇರುವುದಿಲ್ಲ.

ಕೂರುವ ಮೊದಲು

ಕಾಂಗ್ರೆಸ್ ಕಡಲೆಬೀಜದ ತಟ್ಟೆಯನ್ನು ದೂರ ಸರಿಸಿ. ಬಿಯರಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಒಮ್ಮೆ ಖಾರ ಹತ್ತಿದ ನಾಲಿಗೆಗೆ ಸೂಕ್ಷ್ಮ ತಿಳಿಯದು. ಬಾಯಿ ತೊಳೆಯಲು ನೀರು, ಜೊತೆಗೆ ಉಪ್ಪು ಖಾರ ಹಾಕದ ಕಡಲೆಪುರಿ ಸಾಕು. ಅಂದು ಘಾಟು ಸೆಂಟು ಬೇಡ. ಪೂರ್ತಿ ಪಿಂಟ್ ತರಿಸುವ ಅಗತ್ಯವೂ ಇಲ್ಲ, ಅರ್ಧ ಲೋಟದಲ್ಲಿ ಪರೀಕ್ಷೆ ಮುಗಿಯುತ್ತದೆ. ಇದು ಸಾಮಾನ್ಯವಾಗಿ ಶೇ 6ರಿಂದ 9ರಷ್ಟು ಮದ್ಯಸಾರದ ಬಿಯರ್. ಮನೆಗೆ ಮೆಟ್ರೊ ಹಿಡಿಯಿರಿ.

ಲೋಟ ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿದ್ದರೆ ಘಮ ಒಳಗೇ ನಿಲ್ಲುತ್ತದೆ. ಫ್ರೀಜರಿನಲ್ಲಿ ಇಟ್ಟು ಹಿಮ ಕಟ್ಟಿಸಿದ ಲೋಟವನ್ನು ವಾಪಸು ಕಳಿಸಿ. ಕೊರೆಯುವ ತಣ್ಣಗಿನಲ್ಲಿ ವಾಸನೆ ಏಳುವುದಿಲ್ಲ. ಏಳೆಂಟು ಡಿಗ್ರಿ ಸೆಲ್ಸಿಯಸ್‌ನಿಂದ ಶುರುಮಾಡಿ.

ನೋಡುವುದು, ಮೂಸುವುದು

ನೋಡುವುದಕ್ಕೆ ಅರ್ಧ ನಿಮಿಷ ಸಾಕು. ತಿಳಿ ಹಳದಿಯಿಂದ ಚಿನ್ನದ ಬಣ್ಣ, ಮೇಲೆ ದಟ್ಟವಾದ ಬಿಳಿ ನೊರೆ. ಮಬ್ಬು ಎಲ್ಲ ಕಡೆ ಒಂದೇ ಸಮ ಇರಬೇಕು. ತರಿತರಿಯಾದ ಕಣಗಳು ತೇಲುತ್ತಿದ್ದರೆ ಅಥವಾ ತಳದಲ್ಲಿ ಕೆಸರು ಕಟ್ಟಿದ್ದರೆ ಅದು ಶೈಲಿಯಲ್ಲ, ಅಚ್ಚುಕಟ್ಟಿಲ್ಲದ ಕೆಲಸ. ಲೋಟದ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿದ್ದರೆ ಬಿಯರನ್ನು ಬೈಯಬೇಡಿ, ಲೋಟ ಸರಿಯಾಗಿ ತೊಳೆದಿಲ್ಲ. ಬಣ್ಣ ಮಾತ್ರ ಗಮನಿಸಿ: ಬೂದು ಅಥವಾ ಕಂದು ಛಾಯೆ ಬಂದಿದ್ದರೆ ಗಾಳಿ ತಗುಲಿ ಕೆಟ್ಟಿದೆ ಎಂದೇ ಅನುಮಾನಿಸಿ.

ಇನ್ನು ಮೂಗು. ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ಸುತ್ತಿಸಿ, ಕೈ ತೆಗೆದು ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ದೀರ್ಘವಾಗಿ ಎಳೆದರೆ ಮೂಗು ಬೇಗ ಮಂಕಾಗುತ್ತದೆ. ಕಣ್ಣು ಮುಚ್ಚಿಕೊಂಡರೆ ಇನ್ನೂ ವಾಸಿ. ಮೊದಲು ಬರುವುದು ಸಿಟ್ರಸ್ ಜಾತಿಯ ಘಮ. ಸಿಟ್ರಾ, ಮೊಸಾಯಿಕ್, ಗ್ಯಾಲಕ್ಸಿಯಂಥ ಹಾಪ್ಸ್ ತಳಿಗಳ ಉಡುಗೊರೆ ಅದು. ಪಾಶ್ಚಾತ್ಯ ರುಚಿಪಟ್ಟಿಗಳಲ್ಲಿ ‘ಗ್ರೇಪ್‌ಫ್ರೂಟ್’ ಎಂದು ಓದಿ ತಲೆ ಕೆರೆದುಕೊಳ್ಳಬೇಕಾಗಿಲ್ಲ. ದೇವನಹಳ್ಳಿ ಚಕ್ಕೋತದ ತೊಳೆ ಬಿಡಿಸುವಾಗ ಬೆರಳಿಗೆ ಹತ್ತುವ ವಾಸನೆ ನೆನಪಿದ್ದರೆ ನೀವು ಆ ಹಾದಿಯಲ್ಲೇ ಇದ್ದೀರಿ. ಅದರ ಹಿಂದೆ ರಸಪುರಿ ಮಾವು, ಕಳಿತ ಸೀಬೆ, ಅನಾನಸ್ ಬರಬಹುದು. ನಿಮಗೆ ಹಲಸು ನೆನಪಾದರೆ ಹಲಸು ಎಂದೇ ಬರೆಯಿರಿ, ನಾಚಿಕೆ ಬೇಡ. ಕೈಯಲ್ಲಿ ಹಿಡಿದು ಎರಡು ಡಿಗ್ರಿ ಬೆಚ್ಚಗಾದ ಮೇಲೆ ಮತ್ತೆ ಮೂಸಿ: ಹಣ್ಣಿನ ಹಿಂದೆ ಅಡಗಿದ್ದ ದೋಷ ಹೊರಬರುವುದು ಆಗಲೇ. ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ ಡೈಅಸಿಟೈಲ್‌ನದ್ದು, ಹುದುಗುವಾಗ ಹುಟ್ಟುವ ಒಂದು ರಾಸಾಯನಿಕ ಅದು. ತಡವಾಗಿ ಹಾಕಿದ ಹಾಪ್ಸ್‌ನ ಕಿಣ್ವಗಳು ಸಕ್ಕರೆ ಒಡೆದು ಹುದುಗನ್ನು ಮತ್ತೆ ಕೆರಳಿಸಿದಾಗ, ಅದು ತಣಿಯುವಷ್ಟು ಕಾಯದೆ ಬಿಯರ್ ಇಳಿಸಿದರೆ ಹೀಗಾಗುತ್ತದೆ. ಒದ್ದೆ ರಟ್ಟಿನ ವಾಸನೆ ಹಳತಾದದ್ದಕ್ಕೆ ಸಾಕ್ಷಿ. ಈರುಳ್ಳಿ, ಬೆಳ್ಳುಳ್ಳಿ ಸುಳಿದರೆ ಹಾಪ್ಸ್ ತಡವಾಗಿ ಕೊಯ್ದದ್ದಿರಬಹುದು. ನನಗಂತೂ ಅದು ಸಹಿಸದು.

ಗುಟುಕು

ಸಣ್ಣ ಗುಟುಕು ತೆಗೆದುಕೊಂಡು ನಾಲಿಗೆಯ ತುಂಬ ಆಡಿಸಿ, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಮೂಸುವಾಗ ಸಿಕ್ಕಿದ ಹಣ್ಣು ಬಾಯಲ್ಲೂ ಸಿಗಬೇಕು. ಕಹಿ ಇರಬೇಕು, ಆದರೆ ಹಿಂದೆ ಸರಿದು ನಿಲ್ಲಬೇಕು. ಕಹಿ ಪೂರಾ ಮಾಯವಾಗಿ ಬರಿಯ ಸಿಹಿ ಉಳಿದಿದ್ದರೆ ಅದು ಷರಬತ್ತು. ಎರಡನೆಯ ಲೋಟ ಬೇಕೆನಿಸುವುದಿಲ್ಲ. ಓಟ್ಸ್‌ನಿಂದ ಮೈ ಮೃದುವಾಗಿರಬೇಕು, ಮಂದವಾಗಿ ಗಂಟಲಲ್ಲಿ ನಿಲ್ಲಬಾರದು. ಗಂಟಲ ಹಿಂಭಾಗ ಉರಿದು, ಎಳೆ ಅಡಿಕೆ ಅಗಿದಷ್ಟು ಒಗರು ಉಳಿದರೆ ಹಾಪ್ಸ್‌ನ ಪುಡಿ ಇನ್ನೂ ತಳ ಸೇರಿಲ್ಲ. ಈ ಉರಿಯನ್ನೇ ಗಮ್ಮತ್ತು ಎಂದು ಹೊಗಳುವವರ ಮಾತಿಗೆ ಕಿವಿಗೊಡಬೇಡಿ.

ಅಂಕ

ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿ 50ರದ್ದು. ಅದರಲ್ಲಿ ಘಮಕ್ಕೆ 12, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರಿಯ 3! ಮಬ್ಬಿನ ಪಾಲು ಆ ಮೂರರೊಳಗೇ. ಪ್ರತಿ ಅಂಕದ ಪಕ್ಕದಲ್ಲಿ ಕಾರಣ ಬರೆಯಿರಿ, ಮತ್ತು ಎಲ್ಲರೂ ಬರೆದು ಮುಗಿಸುವವರೆಗೆ ಮೇಜಿನಲ್ಲಿ ಮಾತು ಬೇಡ. ಒಬ್ಬರು ‘ಅನಾನಸ್’ ಎಂದರೆ ಉಳಿದವರಿಗೆಲ್ಲ ಅನಾನಸ್ಸೇ ಸಿಗುತ್ತದೆ.

ಕೊನೆಗೆ, ಇದು ಇಟ್ಟು ಕುಡಿಯುವ ಬಿಯರಲ್ಲ. ಬ್ರೂಪಬ್‌ನಲ್ಲಿ ‘ಈ ಕೆಗ್ (ಬಿಯರ್ ಪೀಪಾಯಿ) ಯಾವಾಗ ತುಂಬಿದ್ದು?’ ಎಂದು ಕೇಳಿ. ಉತ್ತರ ಗೊತ್ತಿರುವ ಕಡೆ ಬಿಯರೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕ್ಯಾನ್ ಕೊಳ್ಳುವುದಾದರೆ ತಳದಲ್ಲಿ ಅಚ್ಚಾದ ತಾರೀಖು ನೋಡಿ, ಅಂಗಡಿಯ ಬಿಸಿಲು ಬೀಳುವ ಕಪಾಟಿನದ್ದನ್ನು ಬಿಟ್ಟು ಫ್ರಿಜ್ಜಿನದ್ದನ್ನೇ ಕೇಳಿ ಪಡೆಯಿರಿ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ಸಾಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಕುದಿದು ಬಂದ ಕ್ಯಾನಿಗೆ ಅಂಕ ಕೊಡಲು ಕೂರುವುದು ತಯಾರಿಸಿದವರಿಗೆ ಮಾಡುವ ಅನ್ಯಾಯ.