ದೊಡ್ಡ ರಕ್ತನಾಳದ ಉರಿಯೂತ: ಎಂಆರ್‌ಐ ಮಾಡಿಸುವುದು ಹೇಗೆ?

ಎರಡೂ ಕೈಯ ಬಿಪಿಯಲ್ಲಿ ಭಾರಿ ವ್ಯತ್ಯಾಸ. ಒಂದು ಕೈಯಲ್ಲಿ ನಾಡಿಯೇ ಸಿಗುತ್ತಿಲ್ಲ. ತಿಂಗಳುಗಟ್ಟಲೆ ಸುಸ್ತು, ಸಣ್ಣ ಜ್ವರ. ವೈದ್ಯರಿಗೆ ಅನುಮಾನ ಬಂದು ಎಂಆರ್‌ಐ ಬರೆಯುತ್ತಾರೆ. ವರದಿ 'ನಾರ್ಮಲ್' ಅಂತ ಬರುತ್ತದೆ. ಕೆಲವು ತಿಂಗಳ ಮೇಲೆ ನೋಡಿದರೆ ನಾಳ ಕಿರಿದಾಗಿರುತ್ತದೆ! ಸ್ಕ್ಯಾನ್ ಓದುವ ಕೆಲಸದಲ್ಲಿ ಇಂಥದ್ದನ್ನು ನೋಡಿ ನನಗೆ ಸಂಕಟವಾಗಿದೆ. ಹೆಚ್ಚಿನ ಸಲ ಸ್ಕ್ಯಾನ್ ಚೆನ್ನಾಗಿಯೇ ಆಗಿರುತ್ತದೆ, ಬೇಕಾದ ಚಿತ್ರವನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಯಾರಿಗೆ? ಈ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಟಕಯಾಸು ಕಾಯಿಲೆ. ಅದು ಸಾಮಾನ್ಯವಾಗಿ 40 ವರ್ಷದೊಳಗೆ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. 1908ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ಮಿಕಿಟೊ ಟಕಯಾಸು ಕಣ್ಣಿನ ವೈದ್ಯರು. ಇದಕ್ಕೆ ಎಂಆರ್‌ಐ ಮೊದಲ ಆಯ್ಕೆ. ಚಿಕ್ಕ ವಯಸ್ಸಿನವರಿಗೆ ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗುತ್ತದೆ, ಎಂಆರ್‌ಐನಲ್ಲಿ ವಿಕಿರಣ ಇಲ್ಲ. ಇನ್ನೊಂದು, ಜೈಂಟ್ ಸೆಲ್ ಆರ್ಟರೈಟಿಸ್. ಇದು 50 ದಾಟಿದವರ ಕಾಯಿಲೆ, ಕಣತಲೆಯ ನಾಳಕ್ಕೂ ಬರುತ್ತದೆ. ಅಲ್ಲಿ ನುರಿತ ಕೈ ಇದ್ದರೆ ಮೊದಲು ಅಲ್ಟ್ರಾಸೌಂಡ್ ಸಾಕು.

ಯಾವಾಗ? ಬೇಗ. ಉರಿಯೂತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ನಾಳದ ಗೋಡೆಯ ಊತ ಇಳಿಯುತ್ತಾ ಹೋಗುತ್ತದೆ, ಚಿತ್ರವೂ ಮಸುಕಾಗುತ್ತದೆ. ಹಾಗಂತ ಸ್ಕ್ಯಾನ್‌ಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಯಸ್ಸಾದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಔಷಧಿಯೇ ಮೊದಲು, ಚಿತ್ರ ಆಮೇಲೆ. ದೃಷ್ಟಿ ಹೋದರೆ ವಾಪಸ್ ಬರುವುದು ಅಪರೂಪ.

ಹೋಗುವ ಮುಂಚೆ: ಪೇಸ್‌ಮೇಕರ್, ಮೈಯೊಳಗಿನ ಲೋಹ, ಕಿಡ್ನಿ ತೊಂದರೆ, ಬಸಿರು ಇದ್ದರೆ ಹೇಳಿಬಿಡಿ.

ಚೀಟಿಯಲ್ಲಿ ಏನಿರಬೇಕು? ಎಡವುವುದು ಇಲ್ಲೇ. 'ಎಂಆರ್ ಆಂಜಿಯೊ' ಅಂತ ಮಾತ್ರ ಬರೆದರೆ ರಕ್ತ ಹರಿಯುವ ದಾರಿ ಕಾಣುತ್ತದೆ: ಎಲ್ಲಿ ಕಿರಿದು, ಎಲ್ಲಿ ಉಬ್ಬಿದೆ ಅಂತ. ಆದರೆ ಉರಿಯೂತ ಶುರುವಾಗುವುದು ಗೋಡೆಯಲ್ಲಿ. ಗೋಡೆ ದಪ್ಪವಾಗಿದ್ದರೂ ದಾರಿ ಇನ್ನೂ ಅಗಲವಾಗಿಯೇ ಇರಬಹುದು. ಹಾಗಾಗಿ ಗೋಡೆಯ ಚಿತ್ರವೂ ಬೇಕು. ಅದಕ್ಕೆ 'ಬ್ಲ್ಯಾಕ್ ಬ್ಲಡ್' ಅನ್ನುವ ವಿಧಾನವಿದೆ. ಹರಿಯುವ ರಕ್ತವನ್ನು ಕಪ್ಪಾಗಿಸಿದರೆ ಸುತ್ತಲಿನ ತೆಳು ಗೋಡೆ ಎದ್ದು ಕಾಣುತ್ತದೆ. ಇದನ್ನು ಗ್ಯಾಡೋಲಿನಿಯಂ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತಕ್ಕೆ ಚುಚ್ಚುವ ಔಷಧಿ) ಕೊಡುವ ಮುಂಚೆ ಒಮ್ಮೆ, ಕೊಟ್ಟ ಮೇಲೆ ಒಮ್ಮೆ ತೆಗೆಯಬೇಕು. ಉರಿಯೂತವಿದ್ದ ಗೋಡೆ ಕಾಂಟ್ರಾಸ್ಟ್ ಹೀರಿ ಬೆಳ್ಳಗಾಗುತ್ತದೆ. ಸುತ್ತಲಿನ ಕೊಬ್ಬೂ ಬಿಳಿ ಕಾಣುವುದರಿಂದ ಅದನ್ನು ಅಡಗಿಸಲೇಬೇಕು, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ.

ಕತ್ತಿನ ನಾಳ, ಕೈಗೆ ಹೋಗುವ ನಾಳ, ಎದೆ-ಹೊಟ್ಟೆಯ ಅಯೋರ್ಟಾ (ಹೃದಯದಿಂದ ಹೊರಡುವ ಅತಿ ದೊಡ್ಡ ನಾಳ), ಕಿಡ್ನಿಯ ನಾಳ ಎಲ್ಲವೂ ಬರಬೇಕು. ಎದೆ ಮಾತ್ರ ತೆಗೆದು ಮುಗಿಸುವ ಶಾರ್ಟ್‌ಕಟ್ ಬೇಡವೇ ಬೇಡ. ಹೃದಯದ ಹತ್ತಿರದ ಭಾಗಕ್ಕೆ ಇಸಿಜಿ ಜೋಡಿಸಿ ತೆಗೆದರೆ ಬಡಿತಕ್ಕೆ ಚಿತ್ರ ಅಲುಗುವುದಿಲ್ಲ. ಕಣತಲೆಯ ನಾಳ ನೋಡಬೇಕಿದ್ದರೆ 3 ಟೆಸ್ಲಾ (ಹೆಚ್ಚು ಕಾಂತಶಕ್ತಿಯ) ಯಂತ್ರವನ್ನೇ ಹುಡುಕಿ. ಆ ನಾಳದ ಗೋಡೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅಲ್ವಾ? 'ನಾಳದ ಉರಿಯೂತ ಇದೆಯೇ ನೋಡಿ' ಎಂಬ ಒಂದು ಸಾಲು, ಸ್ಟೀರಾಯ್ಡ್ ಶುರುವಾದ ದಿನ, ಎರಡೂ ಕೈಯ ಬಿಪಿ ಚೀಟಿಯಲ್ಲಿ ಇರುವಂತೆ ವೈದ್ಯರನ್ನು ಕೇಳಿ.

ಯಂತ್ರದೊಳಗೆ: ಅಲುಗಾಡಬೇಡಿ, ಹೇಳಿದಾಗ ಉಸಿರು ಹಿಡಿಯಿರಿ.

ಓದುವುದು: ಉರಿಯೂತವಾದರೆ ಗೋಡೆ ಸುತ್ತಲೂ ದಪ್ಪವಾಗಿ, ಉದ್ದಕ್ಕೂ ನುಣ್ಣಗೆ ಸಾಗುತ್ತದೆ. ಕೊಬ್ಬು ಕಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಬದಿಗೆ, ಅಲ್ಲಲ್ಲಿ ತೇಪೆಯ ಹಾಗೆ ಇರುತ್ತದೆ. ಇಲ್ಲೊಂದು ಮೋಸವಿದೆ. ರಕ್ತ ನಿಧಾನ ಹರಿಯುವ ಕಡೆ ಅದು ಪೂರ್ತಿ ಕಪ್ಪಾಗುವುದಿಲ್ಲ, ಗೋಡೆಯೇ ಬೆಳಗಿದಂತೆ ಕಾಣುತ್ತದೆ. ಕಾಂಟ್ರಾಸ್ಟ್‌ಗೆ ಮುಂಚಿನ ಚಿತ್ರವನ್ನು ಪಕ್ಕಕ್ಕಿಟ್ಟು, ಎರಡು ದಿಕ್ಕಿನಿಂದ ನೋಡದೆ ಹೇಳಲೇಬಾರದು.

ಚಿಕಿತ್ಸೆಯ ನಂತರದ ಸ್ಕ್ಯಾನ್‌ನಲ್ಲಿ ಗೋಡೆ ಇನ್ನೂ ಸ್ವಲ್ಪ ಬೆಳ್ಳಗಿದ್ದರೆ ಗಾಬರಿ ಬೇಡ. ಕಾಯಿಲೆ ತಣ್ಣಗಾದ ಮೇಲೂ ಅದು ಉಳಿಯಬಹುದು. ರಕ್ತದಲ್ಲಿ ಉರಿಯೂತ ಅಳೆಯುವ ಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ, ರೋಗಿ ಹೇಳುವ ಮಾತು ಎಲ್ಲವನ್ನೂ ಸೇರಿಸಿ ತೂಗಬೇಕು. ಹೊಸ ಜಾಗದಲ್ಲಿ ನಾಳ ಕಿರಿದಾಗಿದ್ದರೆ ಮಾತ್ರ ತಡ ಮಾಡಬಾರದು.

ಫಿಲ್ಮ್‌ನ ಫೋಟೊ ಮೊಬೈಲ್‌ನಲ್ಲಿಟ್ಟುಕೊಂಡು ಬಂದರೆ ಹೋಲಿಸಲು ಆಗುವುದಿಲ್ಲ. ಪೂರ್ತಿ ಚಿತ್ರಗಳಿರುವ ಸಿಡಿಯನ್ನೇ ಕೇಳಿ ಪಡೆಯಿರಿ. ಮುಂದಿನ ಸಲ ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ ತೆಗೆಸಿ.